ಮಿನಿ ಡಿವಿ ಕ್ಯಾಸೆಟ್ ಇಳಿಸಿಕೊಳ್ಳುವುದು: ಹ್ಯಾಂಡಿಕ್ಯಾಮ್ ಜೊತೆ ನನ್ನ ಅನುಭವ

ಹುಬ್ಬಳ್ಳಿ-ಧಾರವಾಡ ಕಡೆ 2000ದ ಆಚೀಚೆ ಆದ ಲಗ್ನ, ಕುಬಸ, ಸಂಗೀತದ ಬೈಠಕ್‌ಗಳು ಎಷ್ಟೋ ಮನೆಗಳ ಟ್ರೆಜರಿಯಲ್ಲಿ ಇನ್ನೂ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಮಿನಿ ಡಿವಿ ಕ್ಯಾಸೆಟ್ಟಿನಲ್ಲೇ ಬಿದ್ದಿವೆ. ಕ್ಯಾಸೆಟ್ ಚಲೋ ಇದ್ದರೂ ಅದನ್ನು ಓಡಿಸುವ ಹ್ಯಾಂಡಿಕ್ಯಾಮ್ ಮೊದಲು ಕೈಕೊಡುತ್ತದೆ. ಕ್ಯಾಮೆರಾ ನಡೆಯುತ್ತಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ನಾನು ಅನುಸರಿಸುವ ಕ್ರಮ ಇದು.

ಹೆಚ್ಚಿನವರು ಎಡವುವುದು ಕೇಬಲ್ ಹತ್ತಿರ. ಹಳದಿ-ಬಿಳಿ-ಕೆಂಪು ಎವಿ ಕೇಬಲ್ ಹಾಕಿದರೆ ಡಿಜಿಟಲ್ ಚಿತ್ರ ಒಮ್ಮೆ ಅನಲಾಗ್ ಆಗಿ, ಮತ್ತೆ ಡಿಜಿಟಲ್ ಆಗುತ್ತದೆ. ಎರಡು ಸಲ ಸೋಸಿದ ಚಹಾದ ಹಾಗೆ. ಯುಎಸ್‌ಬಿ ತೂತು ಇದ್ದರೂ ಆ ಕಾಲದ ಬಹುತೇಕ ಕ್ಯಾಮೆರಾಗಳಲ್ಲಿ ಅದು ಫೋಟೊ ಇಳಿಸಲು, ಇಲ್ಲವೇ ಕಡಿಮೆ ಗುಣಮಟ್ಟದ ವಿಡಿಯೊಗೆ ಮಾತ್ರ. ಬೇಕಾದ್ದು ‘ಡಿವಿ’ ಅಥವಾ ‘ಐ.ಲಿಂಕ್’ ಎಂದು ಬರೆದಿರುವ ಪುಟ್ಟ 4 ಪಿನ್ ತೂತು, ಅಂದರೆ ಫೈರ್‌ವೈರ್. ಟೇಪಿನ ಮೇಲಿನ ದತ್ತಾಂಶ ಇದರಲ್ಲಿ ಇದ್ದದ್ದು ಇದ್ದಹಾಗೇ ಬರುತ್ತದೆ. ಚಿತ್ರೀಕರಣದ ದಿನಾಂಕ, ಗಂಟೆ, ನಿಮಿಷ ಕೂಡ ಚಿತ್ರದ ಹಿಂದೆ ಅಡಗಿ ಬರುತ್ತವೆ. ಚೀಟಿ ಅಂಟಿಸದ ಕ್ಯಾಸೆಟ್ ಯಾರ ಲಗ್ನದ್ದೆಂದು ಪತ್ತೆಹಚ್ಚಲು ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಎವಿ ಕೇಬಲ್ಲಿನಲ್ಲಿ ಈ ಮಾಹಿತಿ ಬರುವುದೇ ಇಲ್ಲ.

ಡೆಸ್ಕ್‌ಟಾಪಿಗೆ ಪಿಸಿಐ-ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಹಾಕಿಸಿದರೆ ಸಾಕು. ವಿಂಡೋಸ್ 10 ಇದ್ದರೆ ‘1394 ಓಎಚ್‌ಸಿಐ ಲೆಗಸಿ’ ಡ್ರೈವರ್ ಬೇರೆಯಾಗಿ ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಅದನ್ನೇ ಆರಿಸಬೇಕಾಗಬಹುದು. ಕ್ಯಾಮೆರಾ ಗುರುತು ಹಿಡಿದರೂ ಚಿತ್ರ ಬಾರದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಲಿನಕ್ಸಿನಲ್ಲಿ ‘ಡಿವಿಗ್ರ್ಯಾಬ್’ ಎಂಬ ತಂತ್ರಾಂಶ ಇದೆ, ಡ್ರೈವರಿನ ತಲೆನೋವಿಲ್ಲ. ಮ್ಯಾಕ್ ಇರುವವರು ಎಚ್ಚರ: ಮ್ಯಾಕ್‌ಓಎಸ್ 26ರಲ್ಲಿ ಫೈರ್‌ವೈರ್ ಕೈಬಿಟ್ಟಿದ್ದಾರೆ, ಹಳೆಯ ಆವೃತ್ತಿಯನ್ನೇ ಇಟ್ಟುಕೊಳ್ಳಿ. ಕೇಬಲ್ ಚುಚ್ಚುವಾಗ ಕ್ಯಾಮೆರಾ ಆಫ್ ಇರಲಿ. ಕಂಪ್ಯೂಟರ್ ಕಡೆಯ 6 ಪಿನ್ ತುದಿಯಲ್ಲಿ ವಿದ್ಯುತ್ತೂ ಹರಿಯುತ್ತದೆ. ತಿರುಗಾಮುರುಗಾ ಒತ್ತಿ ತೂರಿಸಿದರೆ ಡಿವಿ ಪೋರ್ಟ್ ಸುಟ್ಟೇಹೋಗುತ್ತದೆ.

ವಿಂಡೋಸಿನಲ್ಲಿ ನಾನು ಬಳಸುವುದು ‘ವಿನ್‌ಡಿವಿ’ ಎಂಬ ಚಿಕ್ಕ ತಂತ್ರಾಂಶ. ಫೈಲ್ ಬಗೆ ಟೈಪ್-2 ಎವಿಐ. ಸೆಕೆಂಡಿಗೆ ಸುಮಾರು 3.6 ಎಂಬಿ, ಅಂದರೆ 60 ನಿಮಿಷದ ಕ್ಯಾಸೆಟ್ಟಿಗೆ 13 ಜಿಬಿ ಜಾಗ ಬೇಕು. ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್-32 ಇದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ, ಸುಮಾರು 20 ನಿಮಿಷಕ್ಕೆ ನಿಂತುಬಿಡುತ್ತದೆ, ಅದೂ ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ. ಕ್ಯಾಸೆಟ್ಟನ್ನು ಮೊದಲು ಒಮ್ಮೆ ಕೊನೆತನಕ ಓಡಿಸಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಸುಮ್ಮನಿದ್ದ ಟೇಪ್ ಒಂದಕ್ಕೊಂದು ಅಂಟಿಕೊಂಡಿದ್ದರೆ ಸಡಿಲಾಗುತ್ತದೆ. ಕ್ಯಾಮೆರಾ ಬ್ಯಾಟರಿಯಲ್ಲಿ ಬೇಡ, ಅಡಾಪ್ಟರಿನಲ್ಲಿ ನಡೆಯಲಿ; ಅಡಾಪ್ಟರ್ ಯುಪಿಎಸ್ ಮೇಲಿರಲಿ. ಆಮೇಲೆ ಪೂರ್ತಿ ಒಂದು ತಾಸು ಓಡಲು ಬಿಡಿ. ತಂತ್ರಾಂಶ ತೋರಿಸುವ ಡ್ರಾಪ್ ಆದ, ಅಂದರೆ ತಪ್ಪಿಹೋದ ಫ್ರೇಮ್‌ಗಳ ಎಣಿಕೆ ಸೊನ್ನೆಯಲ್ಲೇ ಇರಬೇಕು.

ಈಗ ಟೇಪ್ ಓದುವ ಹೆಡ್ಡಿನ ವಿಷಯ. ಮಿನಿ ಡಿವಿ ಟೇಪಿನ ಅಗಲ 6.35 ಮಿ.ಮೀ. ಒಳಗಿನ ಡ್ರಮ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತದೆ, ಅದರ ಮೇಲೆ ಎದುರುಬದುರು ಎರಡು ಹೆಡ್. ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಒಂದು ಫ್ರೇಮ್ ಅಂದರೆ ಟೇಪಿನ ಮೇಲೆ 12 ಓರೆ ಗೆರೆಗಳು. ಎರಡು ಹೆಡ್‌ಗಳು ಸರದಿಯಂತೆ ಓದುತ್ತವೆ. ಒಂದು ಹೆಡ್ಡಿಗೆ ಕೊಳೆ ಮೆತ್ತಿದರೆ ಒಂದು ಬಿಟ್ಟು ಒಂದು ಗೆರೆ ಕಾಣೆಯಾಗಿ, ಚಿತ್ರದಲ್ಲಿ ಜಮಖಾನೆಯ ಹಾಗೆ ಅಡ್ಡಪಟ್ಟಿ ಬರುತ್ತದೆ: ಒಂದು ಪಟ್ಟಿ ಸರಿ, ಮುಂದಿನದು ಹೆಪ್ಪುಗಟ್ಟಿದ್ದು. ಇದು ಕಂಡಕೂಡಲೇ ಕ್ಯಾಸೆಟ್ ಹಾಳಾಯಿತೆಂದು ಎಸೆಯಬೇಡಿ. ಒಣ ಕ್ಲೀನಿಂಗ್ ಕ್ಯಾಸೆಟ್ ಹಾಕಿ 10 ಸೆಕೆಂಡ್ ಮಾತ್ರ ಓಡಿಸಿ ನಿಲ್ಲಿಸಿ, ಹಿಂದಕ್ಕೆ ಸುತ್ತದೆ ಹೊರಗೆ ತೆಗೆಯಿರಿ. ಅದು ನಯವಾದ ಉಪ್ಪುಕಾಗದವೇ. ಒಂದು ನಿಮಿಷ ಬಿಟ್ಟರೆ ಕೊಳೆಯ ಜೊತೆ ಹೆಡ್ಡೂ ಸವೆಯುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ಡ್ರಮ್ ಒರೆಸುವ ಸಾಹಸ ಬೇಡ; ಎಳೆ ಸಿಕ್ಕಿದರೆ ಹೆಡ್ ಕಿತ್ತೇ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲೋ, ಗದಗ ಕಡೆಯ ಬೇಸಿಗೆ ಧೂಳಿನಲ್ಲೋ ಓಡಾಡಿದ ಕ್ಯಾಮೆರಾ ಆದರೆ ಕ್ಯಾಸೆಟ್ ಬಾಗಿಲಿನೊಳಗೆ ರಬ್ಬರ್ ಬ್ಲೋವರಿನಿಂದ ಗಾಳಿ ಹಾಯಿಸಿ, ಬಾಯಿಂದ ಊದಬೇಡಿ. ಬಾಗಿಲ ಒಳಪೆಟ್ಟಿಗೆಯನ್ನು ಮುಚ್ಚುವಾಗ ‘ಪುಶ್’ ಎಂದು ಬರೆದಲ್ಲಿ ಮಾತ್ರ ಒತ್ತಬೇಕು. ಬೇರೆಡೆ ಒತ್ತಿ ಚೌಕಟ್ಟು ಸೊಟ್ಟಗಾದರೆ ಆ ಕ್ಯಾಮೆರಾದ ಕಥೆ ಮುಗಿಯಿತು.

ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಎರಡು ತೊಂದರೆ. ಒಂದು, ತಂಪು ಜಾಗದಿಂದ ತಂದಕೂಡಲೇ ಡ್ರಮ್ ಮೇಲೆ ಹನಿ ಕೂತು ಕ್ಯಾಮೆರಾ ತೇವದ ಎಚ್ಚರಿಕೆ ಕೊಡುತ್ತದೆ. ಬಾಗಿಲು ತೆರೆದು ಒಂದು ತಾಸು ಬಿಡುವುದೊಂದೇ ಮದ್ದು. ಇನ್ನೊಂದು ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬಿಳಿ ಪುಡಿ ಕಂಡರೆ ಅದನ್ನು ಒಳ್ಳೆಯ ಕ್ಯಾಮೆರಾಕ್ಕೆ ಹಾಕಲೇಬೇಡಿ. ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್‌ಗಳಿಗೂ ದಾಟುತ್ತದೆ.

60 ನಿಮಿಷದ ಕ್ಯಾಸೆಟ್ಟಿನಲ್ಲಿ 90 ನಿಮಿಷ ತುಂಬಿದ್ದರೆ ಅದು ಎಲ್‌ಪಿ, ಅಂದರೆ ಟೇಪನ್ನು ನಿಧಾನ ಓಡಿಸುವ ‘ಲಾಂಗ್ ಪ್ಲೇ’. ಗೆರೆಗಳ ಅಗಲ 10 ಮೈಕ್ರಾನಿನಿಂದ 6.7ಕ್ಕೆ ಇಳಿದಿರುತ್ತದೆ. ಚಿತ್ರದ ಗುಣಮಟ್ಟ ಅದೇ, ಆದರೆ ಬೇರೆ ಕ್ಯಾಮೆರಾದಲ್ಲಿ ಚೌಕಚೌಕ ಒಡೆಯುತ್ತದೆ. ಶೂಟ್ ಮಾಡಿದ ಕ್ಯಾಮೆರಾವೇ ಸಿಕ್ಕರೆ ಪುಣ್ಯ.

ಸಂಗೀತದ ಕ್ಯಾಸೆಟ್ ಇರುವವರಿಗೆ ಒಂದು ಮಾತು. ಧ್ವನಿ 16 ಬಿಟ್ ಇದ್ದರೆ 48 ಕಿಲೋಹರ್ಟ್ಸ್, 12 ಬಿಟ್ ಇದ್ದರೆ 32. ಎಡಿಟಿಂಗ್ ತಂತ್ರಾಂಶ 32ನ್ನು 48 ಎಂದು ತಪ್ಪು ತಿಳಿದರೆ ಶ್ರುತಿ ಒಂದೂವರೆ ಪಟ್ಟು ಏರುತ್ತದೆ; ಹಾಡುವವರ ಷಡ್ಜ ಪಂಚಮಕ್ಕೆ ಹೋಗಿ ಕೂರುತ್ತದೆ, ತಬಲಾ ಓಡತೊಡಗುತ್ತದೆ. ಕಿವಿ ಇರುವವರಿಗೆ ಥಟ್ಟನೆ ತಿಳಿಯುತ್ತದೆ, ಆದರೂ ಫೈಲಿನ ಗುಣಲಕ್ಷಣ ಒಮ್ಮೆ ನೋಡಿಯೇ ಮುಂದುವರಿಯಿರಿ.

ಪೆನ್‌ಡ್ರೈವಿಗೆ ಹಾಕಿ ಟಿವಿಯಲ್ಲಿ ನೋಡಲು ‘ಹ್ಯಾಂಡ್‌ಬ್ರೇಕ್’ ತಂತ್ರಾಂಶದಲ್ಲಿ ಚಿಕ್ಕದಾದ ಎಚ್.264 ಫೈಲ್ ಮಾಡಿಕೊಳ್ಳುತ್ತೇನೆ: ಹೆಣೆದ ಅರ್ಧ ಚಿತ್ರಗಳನ್ನು ಬಿಡಿಸುವ ಡಿಇಂಟರ್‌ಲೇಸ್ ‘ಬಾಬ್’, ಸೆಕೆಂಡಿಗೆ 50 ಫ್ರೇಮ್. 25 ಇಟ್ಟರೆ ಬ್ಯಾಂಡಿನವರ ಕುಣಿತ ತಡವರಿಸುತ್ತದೆ. ಮೂಲ ಎವಿಐ ಅಳಿಸುವುದಿಲ್ಲ, ಎರಡು ಡಿಸ್ಕಿನಲ್ಲಿ ಇಡುತ್ತೇನೆ. ಊಟದ ಪಂಕ್ತಿಯ ಅರ್ಧ ತಾಸನ್ನೂ ಕತ್ತರಿಸುವುದಿಲ್ಲ. ಮನೆಯವರು ನಿಲ್ಲಿಸಿ ನಿಲ್ಲಿಸಿ ನೋಡುವುದು ಅದನ್ನೇ.

ಇಳಿಸಿಕೊಳ್ಳಲೆಂದೇ ಹಳೆಯ ಹ್ಯಾಂಡಿಕ್ಯಾಮ್ ಕೊಳ್ಳುವುದಾದರೆ, ಲೆನ್ಸಿನಲ್ಲಿ ಚಿತ್ರ ಕಪ್ಪಾಗಿ ಬರುತ್ತಿದ್ದರೂ ಚಿಂತಿಲ್ಲ. ಸೆನ್ಸರ್ ಹೋಗಿದ್ದರೂ ಟೇಪ್ ಓದುವ ಭಾಗ ಬೇರೆ, ಬೆಲೆಯೂ ಇಳಿಯುತ್ತದೆ. ಲ್ಯಾಪ್‌ಟಾಪ್, ಕೇಬಲ್, ನಿಮ್ಮದೇ ಒಂದು ಕ್ಯಾಸೆಟ್ ಒಯ್ಯಿರಿ, ಆದರೆ ಒಂದೇ ಪ್ರತಿಯಿರುವ ಲಗ್ನದ ಕ್ಯಾಸೆಟ್ ಮಾತ್ರ ಬೇಡ. ಹಾಕುವ ಮುಂಚೆ, ಒಯ್ದ ಕ್ಯಾಸೆಟ್ಟಿನ ಮೇಲೆ ಹೊಸದಾಗಿ ರೆಕಾರ್ಡ್ ಆಗದಂತೆ, ಅದರ ಬೆನ್ನಿನ ಪುಟ್ಟ ಗುಬುಟನ್ನು ‘ಸೇವ್’ ಕಡೆ ಸರಿಸಿ.