ಸ್ವೀಡನ್ನಿನ ಐದು, ಹತ್ತು ಕ್ರೋನರ್ ನೋಟಿನ ಸೆಟ್ ಕಟ್ಟಿದ್ದು: ನನ್ನ ಅನುಭವ

ಸೆಟ್ ಕೊನೆಗೂ ಮುಗೀತು. 1965ರಿಂದ 1981ರ ತನಕದ ರಾಜ ಗುಸ್ತಾವ್ ವಾಸಾನ ಚಿತ್ರದ ಐದು ಕ್ರೋನರ್, 1963ರಿಂದ 1990ರ ತನಕದ ರಾಜ ಆರನೇ ಗುಸ್ತಾಫ್ ಅಡಾಲ್ಫ್‌ನ ಚಿತ್ರದ ಹತ್ತು ಕ್ರೋನರ್, ಪ್ರಿಂಟ್ ಆದ ಪ್ರತಿ ಇಸವಿಯದ್ದೂ ಒಂದೊಂದು, ಎಲ್ಲವೂ ಮಡಿಕೆ ಬೀಳದ ನೋಟು. ಅದರ ಜೊತೆ ನಂಬರ್ ಕೊನೇಲಿ ನಕ್ಷತ್ರ ಇರೋ ಸ್ಟಾರ್ ನೋಟುಗಳ ಒಂದು ಒಳ್ಳೇ ಸಾಲು ಬೇರೆ. ಒಟ್ಟು ಹಾಕಿದ್ದು ನೆನಪಿದ್ದ ಹಾಗೆ 9-10 ಸಾವಿರ ಕ್ರೋನರ್, ಡಬಲ್ ಇದ್ದಿದ್ದನ್ನೆಲ್ಲ ಮಾರಿ ಅದರಲ್ಲಿ ಮುಕ್ಕಾಲು ಪಾಲು ವಾಪಸ್ ಬಂದಿದೆ, ಅಂದ್ರೆ ಸೆಟ್ ಹೆಚ್ಚುಕಮ್ಮಿ ಕಾಲು ಬೆಲೆಗೆ ಕೈಲಿದೆ.

ಶುರು ಮಾಡಿದಾಗ ಬೆಂಗಳೂರಿನ ಹಳೇ ಕಲೆಕ್ಟರ್ ಗೆಳೆಯರು ಒಬ್ಬರೂ ಒಪ್ಪಲಿಲ್ಲ. "ಸ್ಟಾಕ್‌ಹೋಮಲ್ಲಿ ಕೂತ್ಕೊಂಡು ಚಿಲ್ರೆ ನೋಟು ಆರಿಸ್ತೀಯಲ್ಲೋ ಮಾರಾಯ, ತಗೊಂಡ್ರೆ ಹಳೇ ಸಾವಿರದ್ದು ತಗೋ, ಇಲ್ಲಾಂದ್ರೆ ಕೂತಿರೋ ಸ್ವೆಯಾ (ಸ್ವೀಡನ್ ದೇಶದ ಸಂಕೇತವಾದ ಹೆಣ್ಣು) ಚಿತ್ರದ್ದು ತಗೋ" ಅಂತ. ಇಲ್ಲಿನ ನಾಣ್ಯದ ಕ್ಲಬ್ಬಲ್ಲಿ ಒಬ್ಬ ಹಿರಿಯರು ನನ್ನ ಆಲ್ಬಮ್ ನೋಡಿ ಇದಕ್ಕೆಲ್ಲ ಯಾರು ದುಡ್ಡು ಕೊಡ್ತಾರೆ ಅಂದಿದ್ರು. ಹೋದ ಚಳಿಗಾಲ ಅವರೇ ನನ್ನ ಹತ್ರ ಎರಡು ಸ್ಟಾರ್ ನೋಟು ತಗೊಂಡ್ರು, ಕೇಳಿದ ರೇಟಿಗೇ.

ನನ್ನ ಲೆಕ್ಕ ಇಷ್ಟೇ. 1661ರಲ್ಲಿ ಪಾಲ್ಮ್‌ಸ್ಟ್ರುಕ್ ಅನ್ನೋನು ನಡೆಸ್ತಿದ್ದ ಬ್ಯಾಂಕು ಯೂರೋಪಿನ ಮೊದಲ ನೋಟು ಬಿಟ್ಟ ದೇಶ ಇದು, ಹಾಗಾಗಿ ದೊಡ್ಡ ದುಡ್ಡಿನವರ ಕಣ್ಣೆಲ್ಲ ಹಳೇದರ ಮೇಲೇ. ಅಲ್ಲಿ ನಮ್ಮಂಥ ಸಂಬಳದವರಿಗೆ ಜಾಗ ಇಲ್ಲ. ಆದ್ರೆ 60-70ರ ದಶಕದ ಐದು ಹತ್ತರ ನೋಟು ಜನ ದಿನಾ ಬಳಸಿ ಸವೆಸಿದ್ದು, ಯಾರೂ ಎತ್ತಿಟ್ಟಿದ್ದಲ್ಲ. 1948ರಲ್ಲಿ ಐದನೇ ಗುಸ್ತಾಫ್‌ನ 90ನೇ ಹುಟ್ಟುಹಬ್ಬಕ್ಕೆ ಬಿಟ್ಟ ಐದು ಕ್ರೋನರ್, 1968ರಲ್ಲಿ ಇಲ್ಲಿನ ಕೇಂದ್ರ ಬ್ಯಾಂಕ್ ರಿಕ್ಸ್‌ಬ್ಯಾಂಕಿಗೆ 300 ವರ್ಷ ತುಂಬಿದ್ದಕ್ಕೆ ಬಿಟ್ಟ ಹತ್ತು ಕ್ರೋನರ್, ಇವೆರಡನ್ನೂ ಮನೆಮನೇಲಿ ನೆನಪಿಗೆ ಇಟ್ಕೊಂಡಿದ್ರು, ಅದಕ್ಕೇ ಇವತ್ತಿಗೂ ಗರಿಗರಿ ನೋಟು ಬೇಕಾದಷ್ಟು ಸಿಗುತ್ತೆ, ಬೆಲೆ ಮೇಲೇಳಲ್ಲ. ಮಾಮೂಲಿ ನೋಟು ಮಾಮೂಲಿಯಲ್ಲದ ಕಂಡೀಷನ್ನಲ್ಲಿ ಸಿಗೋದೇ ಕಷ್ಟ. ನಾನು ಹಿಡಿದಿದ್ದು ಈ ದಾರಿ.

ಮೊದಲು ಲಾಟ್ ತಗೊಂಡು ನೋಡಿದೆ. ನೂರು ನೋಟಿನ ಕಟ್ಟು 600-700 ಕ್ರೋನರ್‌ಗೆ, ಒಂದಕ್ಕೆ ಆರೇಳು ಬಿತ್ತಲ್ಲ ಸಸ್ತಾ ಅನ್ಸುತ್ತೆ, ಬಿಚ್ಚಿ ನೋಡಿದ್ರೆ ಸೆಟ್ಟಿಗೆ ಆಗೋದು ಮೂರೋ ನಾಲ್ಕೋ, ಉಳಿದಿದ್ದನ್ನ ವಾಪಸ್ ಮಾರೋಕೆ ಪೋಸ್ಟೇಜೇ ನೋಟಿಗಿಂತ ಜಾಸ್ತಿ. ಆಮೇಲೆ ಡೀಲರ್ ಲಿಸ್ಟ್ ನೋಡಿ ತಗೊಂಡೆ. ಒಬ್ಬ ಡೀಲರ್ "0" ಗ್ರೇಡ್ ಅಂತ ಕಳಿಸಿದ ಐದು ಕ್ರೋನರ್ ಪೂರ್ತಿ ಇಸ್ತ್ರಿ ಮಾಡಿದ ಮಾಲು, ಅಂದ್ರೆ ಹಳೇ ನೋಟು ತೊಳೆದು ಇಸ್ತ್ರಿ ಹಾಕಿ ಹೊಸದರ ಹಾಗೆ ಮಾಡಿದ್ದು. ವಾಪಸ್ ತಗೋಳೋಕೆ ಒಪ್ಪಲಿಲ್ಲ, 250ರ ಹತ್ರ ಹೋಯ್ತು. ಇಲ್ಲಿನ ಗ್ರೇಡು ಗೊತ್ತಿರೋರಿಗೆ ಗೊತ್ತು, 0 ಅಂದ್ರೆ ಹೊಸದು, 01 ಅಂದ್ರೆ ಹೆಚ್ಚುಕಮ್ಮಿ ಹೊಸದು, ಆಮೇಲೆ 1+, 1, 1?, 2 ಅಂತ ಇಳೀತಾ ಹೋಗುತ್ತೆ. ದುಡ್ಡೆಲ್ಲ ಇರೋದು 0ಗೂ 01ಗೂ ಮಧ್ಯದ ಆ ಒಂದು ಮೆಟ್ಟಲಲ್ಲಿ. 0 ಗ್ರೇಡಿನ ಹತ್ತು ಕ್ರೋನರ್ 80ಕ್ಕೆ ಹೋದ್ರೆ ಅದೇ ಇಸವಿಯ 01 ನನಗೆ 35-40ಕ್ಕೆ ಸಿಕ್ಕಿದೆ. ಭಾರತದಲ್ಲಿ ಇಸ್ಕೊಳ್ಳೋರು 01 ಅಂದ್ರೆ ನಂಬರ್ ಒನ್ ಅಂದ್ಕೊಂಡು ಪೂರ್ತಿ ರೇಟ್ ಕೊಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ.

ಇಸ್ತ್ರಿ ನೋಟು ಹಿಡಿಯೋದು ಹೇಗೆ ಅಂತ ಯಾರೂ ಸರಿಯಾಗಿ ಹೇಳಿಕೊಡಲ್ಲ, ಅದಕ್ಕೇ ನಾನೇ ಮಾಡಿ ನೋಡಿದೆ. ಸವೆದು ಹೋದ ಐದು ಕ್ರೋನರ್ ನೋಟುಗಳನ್ನ ಲೊಪ್ಪಿಸ್ ಅಂದ್ರೆ ಹಳೇ ಸಾಮಾನಿನ ಸಂತೇಲಿ ಹಿಡಿಯಷ್ಟು ತಂದು, ಕೆಲವನ್ನ ಬರೀ ನೀರಲ್ಲಿ, ಕೆಲವನ್ನ ಬಟ್ಟೆ ಒಗೆಯೋ ಪುಡೀಲಿ, ಕೆಲವನ್ನ ಪಾತ್ರೆ ಸೋಪಲ್ಲಿ ನೆನೆಸಿ, ಬ್ಲಾಟಿಂಗ್ ಪೇಪರ್ ಮಧ್ಯೆ ಇಟ್ಟು ಇಸ್ತ್ರಿ ಹಾಕಿದೆ. ನನ್ನ ಹೆಂಡತಿ ಆ ಇಸ್ತ್ರಿಪೆಟ್ಟಿಗೆ ಇನ್ನು ನೀವೇ ಇಟ್ಕೊಳ್ಳಿ ಅಂದ್ಬಿಟ್ಳು. ಒಗೆಯೋ ಪುಡಿ ತಾಗಿದ ನೋಟು ಯುವಿ ಟಾರ್ಚ್ ಕೆಳಗೆ ನೀಲಿ ಬಿಳಿಯಾಗಿ ಹೊಳೀತು, ಯಾಕಂದ್ರೆ ಪುಡಿಯಲ್ಲಿರೋ ಬಿಳುಪಿನ ಕೆಮಿಕಲ್ ನಾರಿಗೆ ಅಂಟಿಕೊಳ್ಳುತ್ತೆ. ಪಕ್ಕದಲ್ಲಿಟ್ಟ ಒಗೆಯದ ನೋಟು ಮಂಕಾಗೇ ಇತ್ತು. ಆದ್ರೆ ಬರೀ ನೀರಲ್ಲಿ ತೊಳೆದಿದ್ದು ಯುವಿಗೆ ಸಿಗಲೇ ಇಲ್ಲ. ಅದಕ್ಕೆ ಬೇರೆ ದಾರಿ: ಕೋಣೆ ಕತ್ತಲೆ ಮಾಡಿ, ಫೋನ್ ಟಾರ್ಚನ್ನ ಮೇಜಿಗೆ ತಾಗಿಸಿ ಅಡ್ಡಕ್ಕೆ ಬೆಳಕು ಬಿಡ್ಬೇಕು. ಮುಟ್ಟದ ನೋಟಲ್ಲಿ ವಾಸಾನ ಗಡ್ಡದ ಗೆರೆಗಳು ಒಂದೊಂದೂ ಎದ್ದು ನಿಂತು ಸಣ್ಣ ನೆರಳು ಬಿಡ್ತವೆ, ತಿರುಗಿಸಿ ಹಿಡಿದ್ರೆ ಹುಂಜದ ಚಿತ್ರ ಇರೋ ಹಿಂಬದಿಯಲ್ಲಿ ನಂಬರಿನ ಒತ್ತು ತೆಳುವಾಗಿ ಕಾಣುತ್ತೆ. ಇಸ್ತ್ರಿ ಆದದ್ದರಲ್ಲಿ ಆ ಉಬ್ಬು ಚಪ್ಪಟೆ, ಹಿಂದಿನ ಒತ್ತೂ ಮಾಯ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪಲ್ಲಿ, ಅಂದ್ರೆ ಸಣ್ಣ ಭೂತಗನ್ನಡೀಲಿ ನೋಡಿದ್ರೆ ಮಡಿಕೆ ಇದ್ದ ಕಡೆ ಶಾಯಿ ಒಡೆದು ಬಿಳಿ ನಾರು ಇಣುಕ್ತಾ ಇರುತ್ತೆ, ಎಷ್ಟು ಇಸ್ತ್ರಿ ಹಾಕಿದ್ರೂ ಅದು ಮುಚ್ಚಲ್ಲ. ಇನ್ನೂ ಒಂದು ಪರೀಕ್ಷೆ ಇದೆ, ನೋಟಿನ ಮೂಲೆಗೆ ಸಂಬಂಧಪಟ್ಟಿದ್ದು, ಅದನ್ನ ಇಲ್ಲಿ ಬರೆಯಲ್ಲ, ಬರೆದ್ರೆ ತೊಳೆಯೋರು ಅದಕ್ಕೂ ಮದ್ದು ಕಂಡುಹಿಡೀತಾರೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾಡಿದ್ದೆ. ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿ ಮನೆಯೊಳಗಿನ ಗಾಳಿ ಒಣಗಿ ಹೋಗಿರುತ್ತೆ, ನೋಟು ಹಪ್ಪಳದ ಹಾಗೆ ಸದ್ದು ಮಾಡುತ್ತೆ, ಸವೆದದ್ದೂ ಗಟ್ಟಿ ಅನ್ಸುತ್ತೆ. ಅದೇ ನೋಟು ಮಳೆಗಾಲದಲ್ಲಿ ತೀರ್ಥಹಳ್ಳಿಗೆ ಒಯ್ದಾಗ ಎರಡೇ ದಿನಕ್ಕೆ ಮೆತ್ತಗಾಯ್ತು. ಹಾಗಾಗಿ ಕೈಗೆ ಸಿಕ್ಕ ಗಟ್ಟಿತನ ನೋಡಿ ಗ್ರೇಡ್ ಹೇಳೋರನ್ನ ನಾನು ನಂಬಲ್ಲ, ಕಣ್ಣಲ್ಲಿ ನೋಡಿದ್ದೇ ಲೆಕ್ಕ. ಇಡೋದು ಪಾಲಿಯೆಸ್ಟರ್ ಪಾಕೆಟ್ಟಲ್ಲಿ ಮಾತ್ರ, ಪಿವಿಸಿ ಹಾಳೆ ಹತ್ತಿರಕ್ಕೂ ತರಬೇಡಿ.

ಬೆಲೆ ಕಟ್ಟೋದರಲ್ಲಿ ನನಗೂ ಉಳಿದವರಿಗೂ ದೊಡ್ಡ ಜಗಳ ಇದ್ದಿದ್ದು. ಕ್ಯಾಟಲಾಗ್ ರೇಟು ನಾನು ನೋಡೋದೇ ಬಿಟ್ಟೆ. ಟ್ರಾಡೆರಾ ಅನ್ನೋ ಇಲ್ಲಿನ ಆನ್‌ಲೈನ್ ಹರಾಜಿನ ಸೈಟಲ್ಲಿ ಕೇಳೋ ರೇಟನ್ನೂ ನೋಡಲ್ಲ, ನಿಜವಾಗಿ ಹರಾಜು ಮುಗಿದು ಹೋದ ರೇಟು ಮಾತ್ರ ಒಂದು ಎಕ್ಸೆಲ್ ಶೀಟಲ್ಲಿ ಹಾಕ್ತಾ ಬಂದೆ, ಇಸವಿ, ಗ್ರೇಡು, ಸ್ಟಾರ್ ಇದೆಯಾ, ಫೋಟೋ ಚೆನ್ನಾಗಿತ್ತಾ, ಯಾವ ತಿಂಗಳು. ಫೋಟೋ ಮಸುಕಾಗಿದ್ರೆ ಅದೇ ನೋಟು ಅರ್ಧಕ್ಕೆ ಹೋಗುತ್ತೆ, ಬೇಸಿಗೆ ರಜೆಯಲ್ಲಿ ಸ್ವೀಡಿಷ್ ಜನ ಊರಲ್ಲೇ ಇರಲ್ಲ, ಆಗ ಇನ್ನೂ ಕಮ್ಮಿ. ನಾನು ತಗೊಂಡಿದ್ದು ಜಾಸ್ತಿ ಜುಲೈನಲ್ಲಿ, ಮಾರಿದ್ದು ನವೆಂಬರಿನಲ್ಲಿ. ದೊಡ್ಡ ಹರಾಜಿನ ಮನೆಗಳಲ್ಲಿ ಕಮಿಷನ್ 20 ಪರ್ಸೆಂಟಿನ ಆಚೀಚೆ ಸೇರುತ್ತೆ, ಚಿಕ್ಕ ನೋಟಿಗೆ ಅದು ಹೊರೆ, ಆ ಕಡೆ ಹೋಗೋದು ಸ್ಟಾರಿಗೆ ಮಾತ್ರ.

ಸ್ಟಾರ್ ವಿಷಯ ಗೊತ್ತಿರ್ಬೇಕು, ಕೆಟ್ಟ ಪ್ರಿಂಟ್ ತೆಗೆದು ಅದರ ಬದಲಿಗೆ ಹಾಕಿದ ನೋಟಿಗೆ ನಂಬರ್ ಕೊನೇಲಿ ನಕ್ಷತ್ರ. ತೀರಿಕೊಂಡವರ ಮನೆ ಸಾಮಾನು, ಇಲ್ಲಿ ಡೋಡ್ಸ್‌ಬೂ ಅಂತಾರೆ, ಅದನ್ನ ಖಾಲಿ ಮಾಡೋರು ಫೋಟೋ ಹಾಕ್ತಾರೆ, ನಂಬರ್ ಓದಲ್ಲ. 2016, 2017ರಲ್ಲಿ ಹಳೇ ನೋಟು ಒಂದೊಂದೇ ಅಮಾನ್ಯ ಆದಾಗ ಜನ ಡ್ರಾಯರ್ ಎಲ್ಲಾ ತಡಕಾಡಿದ್ರು, ಆಗ ಮೇಲೆ ಬಂದಿದ್ದರಲ್ಲಿ ಇನ್ನೂ ಮಾರಾಟ ಆಗ್ತಾನೇ ಇದೆ. ಫೋಟೋ ಝೂಮ್ ಮಾಡಿ ನಕ್ಷತ್ರ ಹುಡುಕೋದಕ್ಕೆ ತಾಳ್ಮೆ ಬೇಕು ಅಷ್ಟೇ. ನನಗೆ 20 ಕ್ರೋನರ್‌ಗೆ ಬಂದ ಹತ್ತು ಕ್ರೋನರ್ ಸ್ಟಾರ್ ಒಂದು 300ರ ಮೇಲೆ ಹೋಗಿದೆ. ಯಾವ ಪದ ಹಾಕಿ ಹುಡುಕ್ತೀನಿ ಅನ್ನೋದು ಮಾತ್ರ ನನ್ನ ಹತ್ರವೇ ಇರಲಿ.

ನೋಟಿನ ಕಾಗದದ ಹುಚ್ಚು ಹಿಡಿದವರು ಸ್ಟಾಕ್‌ಹೋಮಿಗೆ ಬಂದ್ರೆ ಲೋಕಲ್ ಟ್ರೈನ್ ಹಿಡಿದು ಟುಂಬಾಕ್ಕೆ ಹೋಗಿ. 1755ರಲ್ಲಿ ರಿಕ್ಸ್‌ಬ್ಯಾಂಕೇ ಕಟ್ಟಿದ ಕಾಗದದ ಕಾರ್ಖಾನೆ ಅದು, ನಾನು ಹೋದಾಗ ಪಕ್ಕದಲ್ಲಿ ಮ್ಯೂಸಿಯಂ ಇತ್ತು. ಅಲ್ಲಿ ಹೋಗಿ ಬಂದ್ಮೇಲೆ ನಾನು ನೀರುಗುರುತು ನೋಡೋ ರೀತಿಯೇ ಬದಲಾಯ್ತು.

ಈಗ ಎಲ್ಲರೂ ಮುಂದೆ ಏನು ಅಂತ ಕೇಳ್ತಿದ್ದಾರೆ. 1954ರಿಂದ 1961ರ ಐದು ಕ್ರೋನರ್ ಶುರು ಮಾಡಿದ್ದೀನಿ, ಅದೇ ರೂಲು, ಮಡಿಕೆ ಇದ್ರೆ ಬೇಡ, ಒಂದು ನೋಟಿಗೆ 150 ಕ್ರೋನರ್ ದಾಟಲ್ಲ. ಕೇಳಿದ ಕೂಡಲೇ ಚಿನ್ನದ ನಾಣ್ಯ ಕೊಡ್ತೀವಿ ಅಂತ 1873ರ ಕಾನೂನಿನ ಹೆಸರು ಹಾಕಿ ಬರೆದಿರೋ ಹಳೇ ನೋಟುಗಳು ಬೇಕಾ ಅಂತ ಯಾರೋ ಕೇಳಿದ್ರು. ಅವು ಚೆಂದ, ಆದ್ರೆ ಇಸ್ತ್ರಿ ಮಾಲು ಅಲ್ಲೇ ಜಾಸ್ತಿ, ಎರಡು ಹರಾಜಲ್ಲಿ ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟು ಬಂದೆ. ಡಬಲ್ ಇರೋದರಲ್ಲಿ ಗುಸ್ತಾಫ್ ಅಡಾಲ್ಫ್ ಹತ್ತರ ಕೆಲವು 01 ಇನ್ನೂ ಉಳಿದಿವೆ, ಡಿಸೆಂಬರಲ್ಲಿ ಊರಿಗೆ ಬರುವಾಗ ತರ್ತೀನಿ, ಟಾರ್ಚು ಲೂಪು ನೀವೇ ತನ್ನಿ, ನೋಡಿಯೇ ತಗೊಳ್ಳಿ.