ಹಿಮ ಕಾಣದ ನಾವು ಹಿಮದ ಫೋಟೊ ನೋಡಿ ಬರೆಯುವುದು ಹೇಗೆ?

ಮುಂಬೈನ ಮಾಟುಂಗದಲ್ಲಿ ಜನವರಿಯಲ್ಲೂ ಫ್ಯಾನ್ ಹಾಕಿಕೊಂಡು ಮಲಗುವ ನಮಗೆ ಹಿಮದ ಕಪ್ಪು-ಬಿಳುಪು ಫೋಟೊ ಕಂಡರೆ ಏನು ಬರೆಯಬೇಕೋ ತೋಚುವುದಿಲ್ಲ, 'ಸೂಪರ್' ಅಂತ ಹಾಕಿ ಮುಂದೆ ಹೋಗುತ್ತೇವೆ, ಅಲ್ವಾ?

ಅಭ್ಯಾಸಕ್ಕೆ ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1893ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ತೆಗೆದ ಫೋಟೊ ತೆರೆಯಿರಿ. ಹಿಮಗಾಳಿ ಸೀಳಿಕೊಂಡು ಕುದುರೆ ಗಾಡಿಯೊಂದು ಬರುತ್ತಿದೆ. ಎರಡು ನಿಮಿಷ ಸುಮ್ನೆ ನೋಡಿ. ತುಂಬಾ ಕಪ್ಪಾಗಿರುವುದು ಯಾವುದು, ತುಂಬಾ ಬೆಳ್ಳಗಿರುವುದು ಯಾವುದು? ಬಣ್ಣ ಇಲ್ಲದಿರುವಾಗ ಕಣ್ಣು ಮೊದಲು ಓಡುವುದು ಅಲ್ಲಿಗೇ. ಆಮೇಲೆ ಹಿಮದಲ್ಲಿ ಗಾಲಿ ಕೊರೆದ ಗೆರೆಗಳನ್ನು ಹಿಡಿದು ಹೋಗಿ, ಅವು ನಿಮ್ಮನ್ನು ಎಲ್ಲಿಗೆ ಒಯ್ಯುತ್ತವೆ ಅಂತ ಒಂದು ಸಾಲು ಬರೆಯಿರಿ. ಈ ಒಂದು ಕ್ಷಣಕ್ಕಾಗಿ ಸ್ಟೀಗ್ಲಿಟ್ಸ್ ಚಳಿಯಲ್ಲಿ ಸುಮಾರು ಮೂರು ಗಂಟೆ ಕಾದಿದ್ದರು. (ನಾವು ಲೋಕಲ್ ರೈಲು ಮೂರು ನಿಮಿಷ ತಡವಾದರೆ ಗೊಣಗುತ್ತೇವೆ!) ಆಮೇಲೆ ನೆಗೆಟಿವ್‌ನ ಅಂಚುಗಳನ್ನೂ ಸಾಕಷ್ಟು ಕತ್ತರಿಸಿದರು. ಹಾಗಾಗಿ ಚೌಕಟ್ಟಿನ ಹೊರಗೆ ಏನಿತ್ತು ಅಂತ ಊಹಿಸುವುದೂ ಮಜಾ.

ಕಾಣದ ಹಿಮದ ಬಗ್ಗೆ ಜಾಸ್ತಿ ಕವಿತ್ವ ಬೇಡ. ನಿಮಗೆ ಗೊತ್ತಿರುವ ಚಳಿ ಬರೆಯಿರಿ: ಬೆಳಗಿನ ಮೊದಲ ಲೋಕಲ್‌ನ ಬಾಗಿಲಲ್ಲಿ ಕಿವಿಗೆ ಹೊಡೆಯುವ ಗಾಳಿ, ಊರಿನ ಬಚ್ಚಲೊಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಕಾಯಿಸಿದ್ದು. 'ಅದ್ಭುತ', 'ಮನಮೋಹಕ' ಬಂದರೆ ಹೊಡೆದುಹಾಕಿ. ನಾಲ್ಕು ಸಾಲು ಸಾಕು.