ಸುರತ್ಕಲ್‌ನ ಉಪ್ಪುಗಾಳಿಗೆ ಕಾರಿನ ಕವರ್: ನಾನು ಆರಿಸಿದ ಬಗೆ

ಕರಾವಳಿಯಲ್ಲಿ ಕಾರನ್ನು ಬಯಲಲ್ಲಿ ನಿಲ್ಲಿಸುವವರು ಕವರ್ ಕೊಳ್ಳಲು ಹೋದರೆ ಮೊದಲು ಕೇಳುವುದು, "ಇದರೊಳಗೆ ನೀರು ಹೋಗುವುದಿಲ್ಲ ಅಲ್ವಾ?" ಎಂದು. ಅಂಗಡಿಯವರೂ ಒಂದು ಚೊಂಬು ನೀರು ಸುರಿದು ತೋರಿಸುತ್ತಾರೆ. ನಾನು ಕೇಳಿದ್ದು ಬೇರೆ: "ಒದ್ದೆಯಾದರೆ ಇದು ಎಷ್ಟು ಬೇಗ ಒಣಗುತ್ತದೆ?" ನಮ್ಮ ಕಡೆ ಕವರ್ ಆರಿಸಲು ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ ಎಂದು ನಾನು ನಂಬಿದ್ದೇನೆ.

ನಮ್ಮದು ಮಂಗಳೂರಿನ ಬಳಿಯ ಸುರತ್ಕಲ್‌ನಲ್ಲಿ ಹಳೆಯ ಹಂಚಿನ ಮನೆ. ಹೆದ್ದಾರಿ ದಾಟಿ ಪಡುವಣಕ್ಕೆ ನಡೆದರೆ ಸಮುದ್ರ. ಪೋರ್ಟಿಕೊ ಇಲ್ಲ, ಕಟ್ಟಿಸಲು ಜಾಗವೂ ಇಲ್ಲ. ಅಂಗಳದಲ್ಲಿ ಎರಡು ತೆಂಗು, ಒಂದು ಕಾಟುಮಾವಿನ ಮರ, ಬೇಲಿಯಾಚೆ ನೆರೆಮನೆಯವರ ನೇರಳೆ. ಕೆಲಸಕ್ಕೆ ನಾನು ಬಸ್ಸಿನಲ್ಲಿ ಹೋಗುವುದರಿಂದ ವ್ಯಾಗನ್‌ಆರ್ ವಾರದ ಹೆಚ್ಚಿನ ದಿನ ನಿಂತೇ ಇರುತ್ತದೆ. ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ ಎಂಬುದನ್ನು ಉಪ್ಪುಗಾಳಿಯ ಊರಿನವರಿಗೆ ವಿವರಿಸಿ ಹೇಳಬೇಕಿಲ್ಲ.

ಕವರ್ ನೋಡುವ ಮೊದಲು ನಾನು ಜಾಗ ನೋಡಿದೆ. ಕಾರು ನಿಲ್ಲುವ ಕಡೆ ಒಂದು ಹಲಗೆ ಇಟ್ಟು, ಅದರ ಮೇಲೆ ಹಳೆಯ ಬಿಳಿ ಪಂಚೆ ಹಾಸಿ, ಕೆಲವು ದಿನ ಬಿಟ್ಟೆ. ಮೇಲಿನಿಂದ ಏನು ಬೀಳುತ್ತದೆ ಎಂದು ತಿಳಿಯಲು ಇದರಷ್ಟು ಸುಲಭದ ದಾರಿ ಬೇರೆ ಇಲ್ಲ. ಬೆಳಿಗ್ಗೆ ಎದ್ದರೆ ಬಾವಲಿಗಳು ಹಾಕಿದ ನೇರಳೆ ಬಣ್ಣದ ಹಿಕ್ಕೆ. ಮಾವು ಬಿಡುವ ಕಾಲವಾದ್ದರಿಂದ ಅಲ್ಲಲ್ಲಿ ಸೊನೆಯ ಹನಿ. ಕಾಗೆಯದ್ದಂತೂ ಇದ್ದದ್ದೇ. ಎರಡನೆಯ ದಿನಕ್ಕೆ ಪಂಚೆಯ ಮೇಲೆ ಕೆಂಪುಮಣ್ಣಿನ ನವುರಾದ ಧೂಳು ಕೂತಿತ್ತು. ಬಿಸಿಲು ಬೆಳಿಗ್ಗೆ ಹನ್ನೊಂದರ ತನಕ ಮಾವಿನ ಮರದ ಮರೆಯಲ್ಲಿ, ಆಮೇಲೆ ಸಂಜೆಯವರೆಗೆ ನೇರ. ತೆಂಗಿನ ಮರದ ಬುಡದಿಂದ ಕಾರನ್ನು ಆಚೆ ಸರಿಸಿ ನಿಲ್ಲಿಸುವುದು ಅಲ್ಲೇ ನಿರ್ಧಾರವಾಯಿತು. ಎಷ್ಟೇ ದಪ್ಪದ ಕವರ್ ಆದರೂ ತೆಂಗಿನಕಾಯಿ ಬಿದ್ದರೆ, ಒಂದು ಒಣ ಮಡಲು ಬಿದ್ದರೂ, ತಗಡನ್ನು ಉಳಿಸುವುದಿಲ್ಲ.

ಪಂಚೆಯ ಮೇಲೆ ಕಾಣದ ಒಂದು ಸಂಗತಿ ಇದೆ, ಅದು ಉಪ್ಪು. ಸಂಜೆ ಮುಂದಿನ ಗಾಜಿನ ಮೇಲೆ ಬೆರಳು ಎಳೆದು ನೋಡಿದರೆ ಅಂಟಂಟು. ಗಾಳಿಯ ಆರ್ದ್ರತೆ ಶೇಕಡಾ 75ರ ಆಸುಪಾಸು ದಾಟಿತೆಂದರೆ ಉಪ್ಪಿನ ಹರಳು ತಾನೇ ಗಾಳಿಯಿಂದ ನೀರು ಹೀರಿ ಕರಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಆರ್ದ್ರತೆ ಅದಕ್ಕಿಂತ ಬಹಳ ಮೇಲೆಯೇ ಇರುತ್ತದೆ. ಅಂದರೆ ಮಳೆ ಬೀಳದ ದಿನವೂ ಕಾರಿನ ಮೈಮೇಲೆ ಉಪ್ಪುನೀರಿನ ತೆಳು ಪದರ ಇರುತ್ತದೆ. ಪೇಂಟ್ ಗಟ್ಟಿಯಾಗಿರುವ ಕಡೆ ಅದರಿಂದ ತೊಂದರೆಯಿಲ್ಲ. ಬಾಗಿಲಿನ ಕೆಳ ಅಂಚಿನ ಮಡಿಕೆ, ಚಕ್ರದ ಮೇಲಿನ ಕಮಾನು, ಕಲ್ಲು ಸಿಡಿದು ಪೇಂಟ್ ಚಿಪ್ಪು ಹಾರಿದ ಬಾನೆಟ್‌ನ ತುದಿ, ತುಕ್ಕು ಶುರುವಾಗುವುದು ಇಂಥಲ್ಲಿ.

ಈಗ ಮಳೆಯ ವಿಷಯ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ಲೆಕ್ಕ ನೋಡಿದ ಯಾರಿಗಾದರೂ ಕಾರಿಗೆ ಟಾರ್ಪಾಲ್ ಕಟ್ಟಬೇಕು ಅನ್ನಿಸುತ್ತದೆ. ಆದರೆ ಮಳೆನೀರು ಕಾರಿನ ಶತ್ರುವಲ್ಲ. ಜೋರು ಮಳೆ ಬಂದರೆ ಉಪ್ಪೂ ಧೂಳೂ ತೊಳೆದುಹೋಗುತ್ತವೆ. ಹಾನಿ ಮಾಡುವುದು ಹೋಗಲು ದಾರಿಯಿಲ್ಲದೆ ಒಳಗೇ ಉಳಿಯುವ ಒದ್ದೆ. ಪ್ಲಾಸ್ಟಿಕ್‌ನಂಥ ಕವರ್ ಹಾಕಿದಿರೋ, ಮೇಲಿನ ನೀರು ಒಳಗೆ ಬರುವುದಿಲ್ಲ ನಿಜ. ನೆಲದಿಂದ ಏಳುವ ಆವಿಯೂ ಹೊರಗೆ ಹೋಗುವುದಿಲ್ಲ. ರಾತ್ರಿ ಅದು ಕವರಿನ ಒಳಮೈಗೆ ಹನಿಗಟ್ಟಿ ಮತ್ತೆ ಪೇಂಟಿನ ಮೇಲೇ ಇಳಿಯುತ್ತದೆ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಹದಿನೈದು ದಿನ ಬಿಸಿಲೇ ಕಾಣದಿದ್ದರೆ ಕಾರು ಅಷ್ಟೂ ದಿನ ಹಬೆಯಲ್ಲೇ ಇರುತ್ತದೆ. ಒಳಗೆ ಸೀಟ್ ಬೆಲ್ಟ್ ಮೇಲೆ, ಸ್ಟೀರಿಂಗ್ ಮೇಲೆ ಬೂಷ್ಟು ಹಿಡಿಯುವುದೂ ಹೀಗೆ.

ಬಟ್ಟೆಯ ಆಯ್ಕೆಗೆ ನಾನು ಬಹಳ ಸಮಯ ಕೊಟ್ಟೆ. ಅಂಗಡಿಗಳಲ್ಲಿ ಸಿಗುವುದು ಮುಖ್ಯವಾಗಿ ಮೂರು ಜಾತಿ. ಅಗ್ಗದ್ದು ಪಿವಿಸಿ, ಬಿಚ್ಚಿದ ಕೂಡಲೇ ವಾಸನೆಯಿಂದ ಗೊತ್ತಾಗುತ್ತದೆ. ಗಾಳಿ ಒಂದಿಷ್ಟೂ ಆಡುವುದಿಲ್ಲ, ಬೇಸಿಗೆಯಲ್ಲಿ ಬಿಸಿಯಾಗಿ ಪೇಂಟಿಗೆ ಅಂಟುತ್ತದೆ. ಅದನ್ನು ಮುಟ್ಟಿ ನೋಡುವ ಅಗತ್ಯವೂ ಇಲ್ಲ. ಎರಡನೆಯದು ಟಾಫೆಟಾ, ಅಂದರೆ ಪಾಲಿಯೆಸ್ಟರ್ ನೂಲಿನ ನೇಯ್ಗೆಗೆ ಒಂದು ಕಡೆ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಲೇಪ, ಹೊರಗೆ ಹೆಚ್ಚಾಗಿ ಬೆಳ್ಳಿ ಬಣ್ಣ. ಇದರ ಮೇಲೆ 190ಟಿ ಎಂದು ಬರೆದಿರುತ್ತಾರೆ. ಒಂದು ಚದರ ಇಂಚಿನಲ್ಲಿ ಉದ್ದ ಮತ್ತು ಅಡ್ಡ ಎಳೆಗಳು ಸೇರಿ ಎಷ್ಟು ಎಂಬ ಲೆಕ್ಕ ಅದು. ಲೇಪ ಎಷ್ಟು ಚೆನ್ನಾಗಿದೆ ಎಂಬುದರ ಲೆಕ್ಕ ಅಲ್ಲ. 300ಡಿ ಎಂದು ಬರೆದಿದ್ದರೆ ಅದು ನೂಲಿನ ದಪ್ಪ: ಆ ನೂಲಿನ 9,000 ಮೀಟರ್ ತೂಗಿದರೆ 300 ಗ್ರಾಂ. ಮೂರನೆಯದು ನೇಯದೆ ಪದರ ಪದರವಾಗಿ ಒತ್ತಿ ಮಾಡಿದ ಪಾಲಿಪ್ರೊಪಿಲೀನ್ ಬಟ್ಟೆ. ಮೂರು ಪದರದ್ದು, ನಾಲ್ಕು ಪದರದ್ದು ಎಂದು ಮಾರುತ್ತಾರೆ. ಆವಿಗೆ ದಾರಿ ಕೊಡುವುದು ಇದೇ. ಇದರ ದೌರ್ಬಲ್ಯ ಬಿಸಿಲು. ಬಿಸಿಲು ತಡೆಯುವ ಮದ್ದು ಸೇರಿಸದ ಪಾಲಿಪ್ರೊಪಿಲೀನ್ ಬಿಸಿಲಿಗೆ ಸಿಕ್ಕಿದರೆ ಪುಡಿಪುಡಿಯಾಗಿ ಉದುರುತ್ತದೆ.

ಬಿಸಿಲು ತಾಳುವ ಬಟ್ಟೆ ಉಸಿರಾಡುವುದಿಲ್ಲ, ಉಸಿರಾಡುವ ಬಟ್ಟೆ ಬಿಸಿಲು ತಾಳುವುದಿಲ್ಲ. ಹಾಗಾಗಿ ಒಂದೇ ಕವರಿನಲ್ಲಿ ವರ್ಷವಿಡೀ ಸುಧಾರಿಸುವ ಯೋಚನೆಯನ್ನು ನಾನು ಬಿಟ್ಟೆ. ನವೆಂಬರಿನಿಂದ ಮೇ ತನಕ ಒಳಗೆ ಹತ್ತಿಯಂಥ ಮೃದು ಅಸ್ತರಿ ಇರುವ ಬೆಳ್ಳಿ ಟಾಫೆಟಾ. ಮಳೆ ಶುರುವಾದ ಮೇಲೆ ಪದರದ ಬಟ್ಟೆಯದು, ಅದೂ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಮಾತ್ರ. ಸುರಿಯುತ್ತಲೇ ಇರುವ ದಿನಗಳಲ್ಲಿ ನಮ್ಮ ಕಾರು ಬರಿಮೈಯಲ್ಲೇ ನಿಲ್ಲುತ್ತದೆ.

ಬಟ್ಟೆ ಉಸಿರಾಡುತ್ತದೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲೇ ನೋಡಬಹುದು. ಬಿಸಿ ಚಹಾದ ಲೋಟದ ಬಾಯಿಗೆ ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಮೇಲೆ ಒಂದು ಸಣ್ಣ ಕನ್ನಡಿ ಅಥವಾ ತಣ್ಣಗಿನ ಸ್ಟೀಲ್ ತಟ್ಟೆ ಒಡ್ಡಿ. ಅದು ಮಂಜಾದರೆ ಆವಿ ದಾಟಿದೆ ಎಂದರ್ಥ. ಆಮೇಲೆ ಬಟ್ಟೆಯನ್ನು ಒದ್ದೆ ಮಾಡಿ ಫ್ಯಾನಿನ ಕೆಳಗೆ ಹಿಡಿದರೆ ಒಣಗುವ ವೇಗ ತಿಳಿಯುತ್ತದೆ. ಅಸ್ತರಿಯನ್ನು ಹಳೆಯ ಸಿಡಿಯ ಹೊಳೆಯುವ ಬದಿಗೆ ಉಜ್ಜಿ ನೋಡಿ. ಗೀರು ಬಿದ್ದರೆ ಆ ಕವರ್ ಬೇಡ. ಕಾರಿನ ಪೇಂಟಿನ ಮೇಲ್ಪದರವಾದ ಕ್ಲಿಯರ್ ಕೋಟ್ ಸಾಮಾನ್ಯವಾಗಿ 50 ಮೈಕ್ರಾನ್ ಆಸುಪಾಸು ಇರುತ್ತದೆ, ಒಂದು ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಿಲ್ಲ.

ಹೊಲಿಗೆಯ ವಿಷಯವನ್ನು ನನಗೆ ಕಲಿಸಿದವರು ಮಂಗಳೂರಿನಲ್ಲಿ ಸೀಟ್ ಕವರ್ ಹೊಲಿಯುವ ಒಬ್ಬ ಹಿರಿಯರು. ನಾನು ನೋಡಿಟ್ಟಿದ್ದ ಕವರನ್ನು ಅವರ ಮುಂದೆ ಹರಡಿದೆ. "ಮಾರಾಯ್ರೆ, ನೀವು ಬಟ್ಟೆ ಮಾತ್ರ ನೋಡ್ತಿದ್ದೀರಿ. ಇದರ ನಡುನೆತ್ತಿಯಲ್ಲೇ ಜೋಡಣೆ ಉಂಟಲ್ಲ, ನೀರು ಇಳಿಯುವುದು ಅಲ್ಲಿಂದಲೇ" ಎಂದರು. ಒಂದೇ ಅಗಲದ ಬಟ್ಟೆ ಮೇಲ್ಭಾಗವನ್ನು ಪೂರ್ತಿ ಮುಚ್ಚಿ, ಜೋಡಣೆ ಎರಡು ಪಕ್ಕಗಳಿಗೆ ಬಂದಿರಬೇಕು, ಒಳಗಿನಿಂದ ಟೇಪ್ ಅಂಟಿಸಿರಬೇಕು ಎಂಬುದು ಅವರ ಮಾತು. ದಾರ ಪಾಲಿಯೆಸ್ಟರ್‌ನದ್ದೇ ಆಗಬೇಕು, ಹತ್ತಿ ದಾರ ನಮ್ಮ ಮಳೆಗೆ ಕೊಳೆತುಹೋಗುತ್ತದೆ. ಹಗ್ಗ ಪೋಣಿಸುವ ಕಣ್ಣುಗಳನ್ನೂ ಅವರು ಅಯಸ್ಕಾಂತ ಹಿಡಿದು ನೋಡಿದರು. ಅಂಟಿದರೆ ಕಬ್ಬಿಣ, ಕರಾವಳಿಯಲ್ಲಿ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಬಂಪರಿನ ಮೇಲೆ ಕಂದು ಕಲೆ ಇಳಿಸುತ್ತದೆ. ಹಿತ್ತಾಳೆಯದ್ದು ಅಥವಾ ಪ್ಲಾಸ್ಟಿಕ್ ಒಳ್ಳೆಯದು. ಈ ಮಾತುಗಳು ಯಾವ ಪೊಟ್ಟಣದ ಮೇಲೂ ಅಚ್ಚಾಗಿರುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಅಳತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. "ಹ್ಯಾಚ್‌ಬ್ಯಾಕ್ ಸೈಜ್" ಎಂದು ಒಂದೇ ಕವರನ್ನು ಎಲ್ಲಕ್ಕೂ ಕೊಡುವವರಿದ್ದಾರೆ. ಬಲೆನೊ 3,990 ಮಿಲಿಮೀಟರ್ ಉದ್ದ, 1,500 ಎತ್ತರ. ನಮ್ಮ ವ್ಯಾಗನ್‌ಆರ್ 3,655 ಉದ್ದ, ಆದರೆ 1,675 ಎತ್ತರ. ಬಲೆನೊದ ಕವರ್ ಇದಕ್ಕೆ ಹಾಕಿದರೆ ಹಿಂದೆಮುಂದೆ ಜೋಲುತ್ತದೆ, ಪಕ್ಕದಲ್ಲಿ ಬಾಗಿಲಿನ ಕೆಳಭಾಗ ಬಯಲಾಗುತ್ತದೆ. ಜೋಲುವ ಕವರ್ ಗಾಳಿಗೆ ಪಟಪಟ ಬಡಿಯುತ್ತದೆ. ಅಡಿಯಲ್ಲಿ ಕೆಂಪು ಧೂಳು ಸಿಕ್ಕಿಕೊಂಡಿದ್ದರೆ ಪ್ರತಿ ಬಡಿತಕ್ಕೂ ಅದು ಪೇಂಟನ್ನು ಉಜ್ಜುತ್ತದೆ. ಹಾಗಾಗಿ ಮಾದರಿಯ ಹೆಸರು, ತಯಾರಾದ ವರ್ಷ ಹೇಳಿ ಅದಕ್ಕೆಂದೇ ಹೊಲಿದದ್ದನ್ನೇ ಕೇಳಿ. ಸೈಡ್ ಮಿರರಿಗೆ ಜೇಬು ಇರಬೇಕು, ಸುತ್ತಲೂ ಎಲಾಸ್ಟಿಕ್ ಇರಬೇಕು (ಮುಂದೆ, ಹಿಂದೆ ಮಾತ್ರ ಕೊಟ್ಟು ಮುಗಿಸುತ್ತಾರೆ), ಕಾರಿನ ಹೊಟ್ಟೆಯಡಿಯಿಂದ ಕಟ್ಟುವ ಪಟ್ಟಿ ಮತ್ತು ಪ್ಲಾಸ್ಟಿಕ್ ಬಕಲ್ ಇರಬೇಕು. ಮೇ ತಿಂಗಳ ಸಂಜೆಯ ಗುಡುಗುಗಾಳಿ ನೋಡಿದವರಿಗೆ ಆ ಪಟ್ಟಿಯ ಬೆಲೆ ಗೊತ್ತು.

ಕವರ್ ಹಾಕುವ ಮುನ್ನ ಕಾರಿನ ಮೈ ಸ್ವಚ್ಛವಾಗಿರಬೇಕು. ಪೂರ್ತಿ ತೊಳೆಯಲು ಆಗದ ದಿನ ನೀರು ಹಾಯಿಸಿ ಧೂಳು ಇಳಿಸಿ, ಒಣಗಿದ ಮೇಲೆ ಹಾಕುತ್ತೇನೆ. ದೂರ ಓಡಿಸಿ ಬಂದ ಕೂಡಲೇ ಹಾಕುವುದಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟರೆ ಬಿಸಿ ತಾಗಬಾರದು. ಸೈಲೆನ್ಸರಿನ ಕೊಳವೆ ಬಿಸಿಯಿದ್ದರೆ ಟಾಫೆಟಾ ಕರಗಿ ತೂತಾಗುತ್ತದೆ. ತೆಗೆಯುವಾಗ ಎರಡು ಪಕ್ಕವನ್ನು ನೆತ್ತಿಗೆ ಮಡಚಿ, ಹಿಂದಿನಿಂದ ಮುಂದಕ್ಕೆ ಚಾಪೆಯಂತೆ ಸುತ್ತುತ್ತೇನೆ. ಆಗ ಮೇಲಿನ ಕಸ ಒಳಮೈಗೆ ತಾಗುವುದಿಲ್ಲ, ನೆಲಕ್ಕೂ ಎಳೆಯಬೇಕಿಲ್ಲ. ಅಂಗಳದಲ್ಲಿ ಬಿಟ್ಟ ಕವರಿನ ಮಡಿಕೆಯಲ್ಲಿ ಹಾವು ಸೇರಿಕೊಳ್ಳುವ ಊರು ನಮ್ಮದು, ಹಾಗಾಗಿ ಅದರ ಜಾಗ ಜಗಲಿಯ ಮೇಲಿನ ಗಳು. ಕವರ್ ಹಾಕಿದ ಕಾರು ಇಲಿ, ಹೆಗ್ಗಣಗಳಿಗೂ ಒಳ್ಳೆಯ ಆಸರೆ. ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ವೈರುಗಳನ್ನು ನೋಡುವ ಅಭ್ಯಾಸ ಮನೆಯಲ್ಲಿ ಎಲ್ಲರಿಗೂ ಆಗಿದೆ.

ಮಳೆಗಾಲದಲ್ಲಿ ಬಿಸಿಲು ಇಣುಕಿದರೆ ಸಾಕು, ಕವರ್ ತೆಗೆದು ನಾಲ್ಕೂ ಬಾಗಿಲು ತೆರೆದಿಡುತ್ತೇವೆ. ವಾರಕ್ಕೊಮ್ಮೆಯಾದರೂ ಎಸಿ ಹಾಕಿಕೊಂಡು ಮೂಲ್ಕಿಯ ತನಕ ಹೋಗಿಬರುವುದು ನನ್ನ ಪದ್ಧತಿ, ಎಸಿ ಒಳಗಿನ ತೇವವನ್ನು ಎಳೆದು ಹೊರಗೆ ಹಾಕುತ್ತದೆ. ಬ್ರೇಕ್ ಡಿಸ್ಕಿನ ಮೇಲೆ ಕಟ್ಟಿದ ತುಕ್ಕಿನ ಪೊರೆಯೂ ಆ ಓಡಾಟದಲ್ಲಿ ಉಜ್ಜಿಹೋಗುತ್ತದೆ. ಬಾಗಿಲಿನ ಕೆಳಗಿನ ನೀರು ಹೋಗುವ ತೂತುಗಳನ್ನು ಹಿಡಿಕಡ್ಡಿಯಿಂದ ಬಿಡಿಸುತ್ತೇನೆ. ವೈಪರ್ ಬುಡದಲ್ಲಿ ಮಾವಿನ ಎಲೆ ಸೇರದಂತೆ ನೋಡಿಕೊಳ್ಳುತ್ತೇನೆ.

ಇದೆಲ್ಲ ನಮ್ಮ ಊರಿನ ಲೆಕ್ಕ. ಬೆಂಗಳೂರಿನಲ್ಲಿ ನನ್ನ ತಂಗಿಯ ಕಾರು ಮಲ್ಲೇಶ್ವರದ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಅಲ್ಲಿನ ಮಳೆ ನಮ್ಮದರ ಮೂರನೆಯ ಒಂದು ಭಾಗವೂ ಇಲ್ಲ. ಕಾಟ ಕೊಡುವುದು ಮರದಿಂದ ಉದುರುವ ಹೂವು, ಹಿಕ್ಕೆ, ಕೀಟಗಳು ಸುರಿಸುವ ಅಂಟುರಸ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ, ಬಿಸಿಲಿಗೆ ಒಣಗಿದರೆ ಕ್ಲಿಯರ್ ಕೋಟ್ ಮೇಲೆ ಅಚ್ಚು ಉಳಿಯುತ್ತದೆ. ಅವಳಿಗೆ ಹಗುರವಾದ, ದಿನವೂ ತೆಗೆದು ಹಾಕಲು ಸುಲಭವಾದ ಪದರದ ಕವರ್ ಸಾಕು ಎಂದೆ, ಮರದ ನೆರಳಿರುವುದರಿಂದ ಅದು ಬಾಳಿಕೆಯೂ ಬರುತ್ತದೆ. ರಾಯಚೂರಿನಲ್ಲಿರುವ ಭಾವನವರದ್ದು ಬೇರೆಯೇ ಕಥೆ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಹೆಡ್‌ಲ್ಯಾಂಪಿನ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ, ಡ್ಯಾಶ್‌ಬೋರ್ಡ್ ಬಿರಿಯುತ್ತದೆ. ಅವರಿಗೆ ದಪ್ಪ ನೂಲಿನ ಬೆಳ್ಳಿ ಕವರೇ ಸರಿ.

ಟಾಫೆಟಾ ಕವರಿಗೆ ಬೆಳ್ಳಿ ಲೇಪವೇ ಜೀವ. ಬೆರಳಿನಿಂದ ಉಜ್ಜಿದಾಗ ಬೂದಿಯಂಥ ಪುಡಿ ಕೈಗೆ ಬಂದರೆ ಲೇಪ ಸತ್ತಿದೆ, ಬದಲಿಸಬೇಕು. ಪದರದ ಕವರನ್ನು ಕನ್ನಡಿ ಜೇಬಿನ ಬಳಿ ಎಳೆದು ನೋಡುತ್ತೇನೆ. ಕಾಗದದಂತೆ ಹರಿದರೆ ಅದರ ಕಾಲವೂ ಮುಗಿಯಿತು. ಮಳೆಗಾಲ ಕಳೆದ ಮೇಲೆ ಎರಡನ್ನೂ ಸೋಪಿನ ಪುಡಿಯಿಲ್ಲದೆ ಬರಿ ನೀರಿನಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಮುಂದಿನ ಸರದಿಯದ್ದನ್ನು ಹೊರಗಿಟ್ಟು ಇನ್ನೊಂದನ್ನು ಅಟ್ಟಕ್ಕೆ ಏರಿಸುತ್ತೇನೆ.